ಸವೆದ ಮಂಡಿಗೆ ಕೀಹೋಲ್ ಆಪರೇಷನ್: ಅರವತ್ತು ದಾಟಿದವರಿಗೆ ಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ. ಎತ್ತರ ಐದು ಅಡಿ, ತೂಕ 74 ಕೆಜಿ. ಶುಗರ್, ಬಿಪಿ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಎರಡು ವರ್ಷದಿಂದ ಬಲ ಮಂಡಿಯಲ್ಲಿ ನೋವು. ಮೆಟ್ಟಿಲು ಇಳಿಯುವುದು, ನೆಲದಿಂದ ಏಳುವುದು ಕಷ್ಟ. ಆಗಾಗ ಮಂಡಿ ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ. ಎಂಆರ್‌ಐ ಮಾಡಿಸಿದೆವು. ಒಳಮಗ್ಗುಲಿನ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹಿಂಭಾಗದಲ್ಲಿ ಗ್ರೇಡ್ 3 ಹರಿತ (ಅಂದರೆ ಹರಿದಿದೆ), ಮೃದ್ವಸ್ಥಿ ಸವೆತ ಎಂದು ಬರೆದಿದ್ದಾರೆ. ವೈದ್ಯರು, ಕೀಹೋಲ್ ಆಪರೇಷನ್ನಿನಲ್ಲಿ ಎರಡು ಸಣ್ಣ ತೂತು ಮಾಡಿ, ಒಳಗೆ ತೊಳೆದು, ಹರಿದದ್ದನ್ನು ಕತ್ತರಿಸಿ ತೆಗೆದರೆ ಮಂಡಿ ಬದಲಾವಣೆಯನ್ನು ಐದಾರು ವರ್ಷ ಮುಂದಕ್ಕೆ ಹಾಕಬಹುದು, ಮಾರನೆಯ ದಿನವೇ ಮನೆಗೆ ಹೋಗಬಹುದು ಎಂದಿದ್ದಾರೆ. ಮಾಡಿಸೋಣವೇ?

ಉತ್ತರ: ನೀವು ಬರೆದಿರುವಷ್ಟರ ಮೇಲೆ ಹೇಳುವುದಾದರೆ, ಬೇಡ. ತೂತು ಚಿಕ್ಕದು, ಆಸ್ಪತ್ರೆವಾಸ ಒಂದೇ ದಿನದ್ದು ಎಂಬುದೆಲ್ಲ ನಿಜ. ಆದರೆ ಆ ತೂತಿನೊಳಗೆ ಹೋಗಿ ಮಾಡುವ ಕೆಲಸದಿಂದ ಸವೆದ ಮಂಡಿಯ ನೋವು ತಗ್ಗುವುದಿಲ್ಲ. ಮಂಡಿ ‘ಹಿಡಿದುಕೊಳ್ಳುತ್ತದೆ’ ಎಂದಿದ್ದೀರಲ್ಲ, ಅದು ಯಾವ ಬಗೆಯದು ಎಂದು ಮಾತ್ರ ಖಚಿತ ಮಾಡಿಕೊಳ್ಳಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಆಪರೇಷನ್ ಎಂದರೆ ಏನು ನಡೆಯುತ್ತದೆ ಎಂದು ತಿಳಿಯಿರಿ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ತೊಡೆಗೆ ಗಾಳಿ ತುಂಬುವ ಪಟ್ಟಿ ಬಿಗಿದು ರಕ್ತದ ಓಟವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಮಂಡಿಚಿಪ್ಪಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು, ಸೆಂಟಿಮೀಟರಿಗೂ ಕಡಿಮೆ ಉದ್ದದ ಗಾಯ ಮಾಡುತ್ತಾರೆ. ಒಂದರೊಳಗೆ 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ ಹೋಗುತ್ತದೆ. ಅದರ ತುದಿಯ ಮಸೂರ 30 ಡಿಗ್ರಿ ಓರೆಯಾಗಿರುವುದರಿಂದ ಕೊಳವೆಯನ್ನು ತಿರುಗಿಸಿದಂತೆಲ್ಲ ಮೂಲೆಮುಡುಕು ಕಾಣಿಸುತ್ತದೆ. ಸಲೈನ್ ಹರಿಸಿ ಕೀಲನ್ನು ಉಬ್ಬಿಸಿಕೊಂಡು, ಇನ್ನೊಂದು ತೂತಿನಿಂದ ಕೊಕ್ಕೆ, ಕಚ್ಚಿ ಕತ್ತರಿಸುವ ಪಂಚ್, ತಿರುಗುತ್ತಾ ಹೀರಿಕೊಳ್ಳುವ ಶೇವರ್ ತೂರಿಸಿ, ಹರಿದ ಅಂಚನ್ನು ಒಪ್ಪ ಮಾಡಿ, ಉದುರಿದ ಚೂರುಗಳನ್ನು ತೊಳೆದು ಹೊರಬರುತ್ತಾರೆ. ಹೆಚ್ಚೆಂದರೆ ಮುಕ್ಕಾಲು ಗಂಟೆಯ ಕೆಲಸ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನೇ ಶವವೊಂದರ ಮಂಡಿಯೊಳಗೆ ಇಳಿಸಿ ನೋಡಿದ್ದರು. ಅವರ ಶಿಷ್ಯ ಮಸಾಕಿ ವತನಬೆ 1962ರಲ್ಲಿ ಇದೇ ದಾರಿಯಲ್ಲಿ ಮೆನಿಸ್ಕಸ್ಸಿನ ಹರಿದ ಭಾಗವನ್ನು ಕತ್ತರಿಸಿದರು. ಆಟದಲ್ಲಿ ಲಿಗಮೆಂಟ್ ಹರಿದುಕೊಂಡ ಇಪ್ಪತ್ತೈದರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಸಾಧನ ಬಂದಿಲ್ಲ. ಸಾಧನದಲ್ಲಿ ತಪ್ಪಿಲ್ಲ, ಅದನ್ನು ಯಾರ ಮಂಡಿಗೆ ಹಾಕುತ್ತೇವೆ ಎಂಬುದರಲ್ಲಿದೆ.

ಸವೆತದ ಮಂಡಿಯಲ್ಲಿ ನೋವು ಎಲ್ಲಿಂದ ಬರುತ್ತದೆ? ಮೂಳೆಯ ತುದಿಗೆ ಹೊದಿಸಿರುವ ಮೃದ್ವಸ್ಥಿಗೆ ನರಗಳೇ ಇಲ್ಲ. ಮೆನಿಸ್ಕಸ್ ಎಂದರೆ ತೊಡೆಮೂಳೆಗೂ ಮೊಣಕಾಲಿನ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರದ ಹಾಗೆ ಕೂತಿರುವ ಮೆತ್ತೆ. ಅದಕ್ಕೂ ಹೊರ ಅಂಚಿನಲ್ಲಿ ಮಾತ್ರ ರಕ್ತ ಮತ್ತು ನರಗಳ ಸಂಪರ್ಕವಿದೆ, ಒಳಭಾಗಕ್ಕೆ ಇಲ್ಲ. ನೋಯುವುದು ಮೃದ್ವಸ್ಥಿ ತೆಳುವಾದ ಮೇಲೆ ಭಾರ ಹೊರುವ ಅಡಿಯ ಮೂಳೆ, ಕೀಲಿನ ಒಳಪೊರೆ ಮತ್ತು ಸುತ್ತಲಿನ ಚೀಲ. ಇವುಗಳಲ್ಲಿ ಯಾವುದನ್ನೂ ಶೇವರ್ ಸರಿಮಾಡಲಾರದು. ತೊಳೆದಾಗ ಚೂರುಗಳ ಜೊತೆ ಉರಿಯೂತದ ರಾಸಾಯನಿಕಗಳೂ ಹೊರಗೆ ಹೋಗುತ್ತವೆ ಎಂಬುದು ನಿಜವೇ. ಆದರೆ ಅವನ್ನು ಹುಟ್ಟಿಸುವ ಒಳಪೊರೆ ಅಲ್ಲೇ ಇರುತ್ತದೆ, ಮತ್ತೆ ಹುಟ್ಟಿಸುತ್ತದೆ.

ಈಗ ಎಂಆರ್‌ಐ ವಿಷಯ. ಮನೆಯವರನ್ನು ಹೆದರಿಸುವುದು ‘ಹರಿದಿದೆ’ ಎಂಬ ಆ ಒಂದು ಪದ. ಗ್ರೇಡ್ 3 ಎಂದರೆ ಕಾಯಿಲೆ ಮೂರನೇ ಹಂತಕ್ಕೆ ಹೋಗಿದೆ ಎಂದಲ್ಲ. ಚಿತ್ರದಲ್ಲಿ ಕಾಣುವ ಬಿಳಿ ಗೆರೆ ಮೆನಿಸ್ಕಸ್ಸಿನ ಮೇಲ್ಮೈವರೆಗೆ ಬಂದಿದೆ, ಅಂದರೆ ಇದು ಹರಿತವೇ, ಬರೀ ಒಳಗಿನ ಬಣ್ಣದ ಬದಲಾವಣೆಯಲ್ಲ ಎಂದಷ್ಟೇ ಅರ್ಥ. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಮೆನಿಸ್ಕಸ್ಸೂ ಒಣಗಿ, ಎಳೆ ಬಿಡುತ್ತದೆ. ಇದು ಬಾಯಿಮಾತಿನ ಸಮಾಧಾನವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವಯಸ್ಸಿನ 991 ಜನರನ್ನು, ಮಂಡಿ ನೋವಿದೆಯೋ ಇಲ್ಲವೋ ಎಂದು ನೋಡದೆ ಆರಿಸಿ, ಎಲ್ಲರಿಗೂ ಎಂಆರ್‌ಐ ಮಾಡಿದರು. 2008ರಲ್ಲಿ ಫಲಿತಾಂಶ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ಯಾವ ನೋವೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಸವೆತ ಕಂಡವರನ್ನು ಮಾತ್ರ ತೆಗೆದುಕೊಂಡರೆ, ಹರಿತ ಇದ್ದದ್ದು ನೋವಿರುವವರಲ್ಲಿ ನೂರಕ್ಕೆ 63 ಜನಕ್ಕೆ, ನೋವಿಲ್ಲದವರಲ್ಲಿ 60 ಜನಕ್ಕೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮ ತಾಯಿಯವರ ಮಂಡಿಯಲ್ಲಿ ಹರಿತವಿದೆ ಎಂಬುದೂ ನಿಜ, ನೋವಿದೆ ಎಂಬುದೂ ನಿಜ. ಆ ಹರಿತದಿಂದಲೇ ನೋವು ಎನ್ನುವುದಕ್ಕೆ ಆಧಾರವಿಲ್ಲ.

ಆಪರೇಷನ್ನನ್ನೇ ನೇರವಾಗಿ ಪರೀಕ್ಷಿಸಿದ್ದೂ ಇದೆ. ಅಮೆರಿಕದ ಹ್ಯೂಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬ್ರೂಸ್ ಮೋಸ್ಲಿ ಮತ್ತು ಜೊತೆಯವರು ಮಂಡಿ ಸವೆದ 180 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ತೊಳೆದು ಒಪ್ಪ ಮಾಡುವ ಪೂರ್ಣ ಆಪರೇಷನ್, ಇನ್ನೊಂದಕ್ಕೆ ಬರೀ ತೊಳೆಯುವುದು. ಮೂರನೆಯದಕ್ಕೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ, ಆಪರೇಷನ್ ನಡೆದ ಹಾಗೆ ನಟಿಸಿ ಹೊಲಿಗೆ ಹಾಕಿದರು. ರೋಗಿಗಳ ಒಪ್ಪಿಗೆ ಮೊದಲೇ ಪಡೆದಿತ್ತು, ಯಾರಿಗೆ ಯಾವುದು ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಎರಡು ವರ್ಷ ಹಿಂಬಾಲಿಸಿದರೂ ಮೂರು ಗುಂಪಿನ ನೋವಿನಲ್ಲಿ, ನಡಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 2002ರಲ್ಲಿ. 2008ರಲ್ಲಿ ಕೆನಡಾದಲ್ಲಿ ಫಿಸಿಯೋಥೆರಪಿ ಮತ್ತು ಔಷಧಿಯ ಜೊತೆ ಆಪರೇಷನ್ನೂ ಸೇರಿಸಿ ನೋಡಿದರು. ಸೇರಿಸಿದ್ದರಿಂದ ಹೆಚ್ಚಿನ ಲಾಭ ಸಿಗಲಿಲ್ಲ. ಫಿನ್ಲೆಂಡಿನವರು 2013ರಲ್ಲಿ, ಸವೆತ ಇಲ್ಲದ, ಬರೀ ವಯಸ್ಸಿನ ಹರಿತವಿರುವ 146 ಜನರಲ್ಲಿ ನಟನೆಯ ಆಪರೇಷನ್ ಜೊತೆ ಹೋಲಿಸಿದರು. ಅಲ್ಲೂ ಒಂದೇ. ಅದೇ ಜನರನ್ನು ಐದು ವರ್ಷದ ಮೇಲೆ ನೋಡಿದಾಗ, ಮೆನಿಸ್ಕಸ್ ಕತ್ತರಿಸಿಕೊಂಡವರ ಎಕ್ಸ್‌ರೇಯಲ್ಲಿ ಸವೆತ ತುಸು ಹೆಚ್ಚೇ ಇತ್ತು. ಇದನ್ನೆಲ್ಲ ಒಟ್ಟಿಗೆ ತೂಗಿ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ತಂಡ, ಸವೆತದ ಮಂಡಿ ಇರುವ ಹೆಚ್ಚುಕಡಿಮೆ ಯಾರಿಗೂ ಈ ಆಪರೇಷನ್ ಮಾಡಬಾರದು ಎಂದು ಬಲವಾದ ಶಿಫಾರಸು ಕೊಟ್ಟಿತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೂ ಸವೆತಕ್ಕೆ ತೊಳೆಯುವ ಆಪರೇಷನ್ ಬೇಡ ಎನ್ನುತ್ತದೆ.

‘ಆದರೆ ನಮ್ಮ ಪಕ್ಕದ ಮನೆಯವರಿಗೆ ಗುಣವಾಯಿತಲ್ಲ’ ಎಂದು ನಿಮಗೆ ಅನ್ನಿಸಬಹುದು. ಅವರು ಹೇಳಿದ್ದು ಸುಳ್ಳಲ್ಲ. ಸವೆತದ ನೋವು ಏರಿಳಿಯುವ ನೋವು. ಅದು ತುಂಬ ಜಾಸ್ತಿಯಾದಾಗಲೇ ಜನ ಆಪರೇಷನ್ನಿಗೆ ಒಪ್ಪುವುದು, ಅಲ್ಲಿಂದ ಅದು ತಾನಾಗಿಯೂ ಇಳಿಯುತ್ತದೆ. ಆಪರೇಷನ್ ಆದ ಮೇಲೆ ಕೆಲವು ವಾರ ವಿಶ್ರಾಂತಿ, ನೋವಿನ ಮಾತ್ರೆ, ವ್ಯಾಯಾಮ ಎಲ್ಲ ಸಿಗುತ್ತದೆ. ಹ್ಯೂಸ್ಟನ್ನಿನಲ್ಲಿ ಗಾಯ ಮಾತ್ರ ಮಾಡಿಸಿಕೊಂಡವರೂ ಚೇತರಿಸಿಕೊಂಡೆವು ಎಂದೇ ಹೇಳಿದ್ದರು.

ಮಂಡಿ ಬದಲಾವಣೆ ಮುಂದಕ್ಕೆ ಹೋಗುತ್ತದೆ ಎಂಬ ಮಾತಿಗೆ ನಾನು ಇನ್ನೂ ಕಟುವಾಗಿ ಉತ್ತರಿಸಬೇಕು. ಮೆನಿಸ್ಕಸ್ ಹರಿದಿದ್ದರೂ ಭಾರವನ್ನು ಹಂಚುವ ಕೆಲಸವನ್ನು ಒಂದಷ್ಟು ಮಾಡುತ್ತಲೇ ಇರುತ್ತದೆ. ಕತ್ತರಿಸಿದಷ್ಟೂ ಆ ಭಾರ ಮೂಳೆಯ ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಮೆನಿಸ್ಕಸ್ ತೆಗೆದ ಮಂಡಿಗಳು ಬೇಗ ಸವೆಯುತ್ತವೆ ಎಂದು ಫೇರ್‌ಬ್ಯಾಂಕ್ ಎಂಬ ಇಂಗ್ಲಿಷ್ ಸರ್ಜನ್ ಎಕ್ಸ್‌ರೇ ಇಟ್ಟು ತೋರಿಸಿದ್ದು 1948ರಲ್ಲೇ. ಅರವತ್ತು ದಾಟಿದ ಹೆಂಗಸರಲ್ಲಿ, ಮೂಳೆ ಮೊದಲೇ ಟೊಳ್ಳಾಗಿದ್ದರೆ, ಕತ್ತರಿಸಿದ ಕೆಲವೇ ವಾರಕ್ಕೆ ಅಡಿಯ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು ನೋವು ಮೊದಲಿಗಿಂತ ಹೆಚ್ಚಾಗುವುದೂ ಉಂಟು. ಜೊತೆಗೆ ಯಾವ ಆಪರೇಷನ್ನಿಗೂ ಇರುವ ಅಪಾಯಗಳು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಸಾವಿರಕ್ಕೆ ಸುಮಾರು ನಾಲ್ಕು ಜನಕ್ಕೆ ಆಗುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋಗುವುದು, ಕೀಲಿನಲ್ಲಿ ಕೀವಾಗುವುದು ಇದಕ್ಕಿಂತ ಅಪರೂಪ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಕೀವಿನ ಅಪಾಯ ಏರುತ್ತದೆ. ಲಾಭ ಇದ್ದಿದ್ದರೆ ಇಷ್ಟು ಅಪಾಯ ಸಹಿಸಬಹುದಿತ್ತು. ಲಾಭವೇ ಇಲ್ಲದ ಕಡೆ ಸಾವಿರಕ್ಕೆ ನಾಲ್ಕೂ ಹೆಚ್ಚೇ.

ಈಗ ‘ಹಿಡಿದುಕೊಳ್ಳುವುದು’. ಬಹಳ ಹೊತ್ತು ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಬಿಗಿ, ಆಮೇಲೆ ಸಲೀಸು ಎಂದಾದರೆ ಅದು ಸವೆತದ ಬಿಗಿತ. ನಡೆಯುವಾಗ ಕ್ಷಣಕಾಲ ಚಳುಕು ಬಂದು ಕಾಲು ಕುಸಿದಂತಾದರೆ, ನೋವಿಗೆ ತೊಡೆಯ ಸ್ನಾಯು ಕೈಬಿಟ್ಟದ್ದು ಅದು. ಇವೆರಡಕ್ಕೂ ಆಪರೇಷನ್ ಬೇಡ. ನಿಜವಾದ ಸಿಕ್ಕಿಬೀಳುವಿಕೆ ಬೇರೆ. ಮಂಡಿ ಅರ್ಧ ಮಡಿಚಿದ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಇನ್ನೊಬ್ಬರು ಮೆಲ್ಲಗೆ ಚಾಚಿಸಲು ಹೋದರೂ ನೆಟ್ಟಗಾಗುವುದಿಲ್ಲ, ಒಳಗೆ ಏನೋ ಅಡ್ಡ ಸಿಕ್ಕ ಹಾಗೆ ತಡೆಯುತ್ತದೆ, ಗಂಟೆಗಟ್ಟಲೆ ಅಥವಾ ದಿನಗಟ್ಟಲೆ ಹಾಗೇ ಇರುತ್ತದೆ. ಮೆನಿಸ್ಕಸ್ಸಿನ ದೊಡ್ಡ ತುಂಡು ಬಕೆಟ್ಟಿನ ಹಿಡಿಯಂತೆ ಮಗುಚಿ ನಡುವೆ ಸಿಕ್ಕಿಕೊಂಡಾಗ, ಇಲ್ಲವೇ ಮೂಳೆಯ ಚೂರೊಂದು ಬಿಡಿಯಾಗಿ ಓಡಾಡುತ್ತಿದ್ದಾಗ ಹೀಗಾಗುತ್ತದೆ. ಅಂಥವರಿಗೆ, ವಯಸ್ಸು ಎಷ್ಟೇ ಇರಲಿ, ಕೀಹೋಲ್ ಆಪರೇಷನ್ ಸರಿಯಾದ ಚಿಕಿತ್ಸೆ. ಅಮ್ಮನನ್ನು ಮಂಚದ ಮೇಲೆ ಕಾಲು ಚಾಚಿ ಮಲಗಿಸಿ, ಎರಡೂ ಹಿಮ್ಮಡಿಯ ಕೆಳಗೆ ಮಡಿಚಿದ ಟವೆಲ್ ಇಟ್ಟು ನೋಡಿ. ಎರಡೂ ಮಂಡಿ ಒಂದೇ ಮಟ್ಟಕ್ಕೆ ನೆಟ್ಟಗಾದರೆ ಆ ಹೊತ್ತಿಗೆ ಮಂಡಿ ಸಿಕ್ಕಿಬಿದ್ದಿಲ್ಲ. ಮುಂದಿನ ಸಲ ‘ಹಿಡಿದುಕೊಂಡಿತು’ ಎಂದಾಗಲೂ ಹೀಗೇ ನೋಡಿ.

ಇನ್ನೊಂದು ಸ್ಥಿತಿಯನ್ನೂ ಹೇಳಿಬಿಡಬೇಕು, ಏಕೆಂದರೆ ಕುಕ್ಕರಗಾಲಲ್ಲಿ ಕೂರುವ, ನೆಲದಿಂದ ಏಳುವ ನಮ್ಮ ಹೆಂಗಸರಲ್ಲಿ ಇದು ಕಾಣಸಿಗುವಂಥದ್ದು, ವರದಿಯಲ್ಲಿ ತಪ್ಪಿಹೋಗುವಂಥದ್ದು. ಏಳುವಾಗಲೋ ಮೆಟ್ಟಿಲು ಇಳಿಯುವಾಗಲೋ ಮಂಡಿಯ ಹಿಂದೆ ‘ಟಕ್’ ಎಂದು, ಅಂದಿನಿಂದಲೇ ಕಾಲೂರಲಾಗದ ನೋವು ಶುರುವಾದರೆ, ಮೆನಿಸ್ಕಸ್ಸಿನ ಬೇರು ಮೂಳೆಯಿಂದ ಕಿತ್ತಿರಬಹುದು. ಬೇರು ಕಿತ್ತರೆ ಮೆತ್ತೆ ಹೊರಕ್ಕೆ ಜಾರಿ, ಭಾರ ಹಂಚುವ ಕೆಲಸ ಪೂರ್ತಿ ನಿಲ್ಲುತ್ತದೆ, ಸವೆತ ತಿಂಗಳುಗಳಲ್ಲಿ ಓಡುತ್ತದೆ. ಎಕ್ಸ್‌ರೇಯಲ್ಲಿ ಸವೆತ ಕಡಿಮೆ ಇದ್ದು, ಕಾಲು ಹೆಚ್ಚು ಬಿಲ್ಲಾಗಿ ಬಾಗಿಲ್ಲದಿದ್ದರೆ ಬೇರನ್ನು ಹೊಲಿದು ಮತ್ತೆ ಮೂಳೆಗೆ ಕಟ್ಟುವ ಆಪರೇಷನ್ ಬಗ್ಗೆ ಬೇಗ ಕೇಳಬೇಕು. ಅದು ಕೂಡ ಕೀಹೋಲ್, ಆದರೆ ಕತ್ತರಿಸುವುದಲ್ಲ, ಹೊಲಿಯುವುದು. ಎರಡು ವರ್ಷದಿಂದ ಮೆಲ್ಲಗೆ ಏರಿದ ನಿಮ್ಮ ತಾಯಿಯವರ ನೋವಿನ ರೀತಿ ಇದಲ್ಲ. ಆದರೂ ಎಂಆರ್‌ಐ ವರದಿಯಲ್ಲಿ ‘ರೂಟ್’ ಎಂಬ ಪದವಿದೆಯೇ ಎಂದು ಒಮ್ಮೆ ಓದಿ.

ನಿಮ್ಮ ಪತ್ರದಲ್ಲಿ ಎಕ್ಸ್‌ರೇ ಸುದ್ದಿಯೇ ಇಲ್ಲ. ಈ ವಯಸ್ಸಿನ ಮಂಡಿಗೆ ಮೊದಲು ಬೇಕಾದದ್ದು ನಿಂತು ತೆಗೆಸಿದ ಎಕ್ಸ್‌ರೇ, ಎರಡೂ ಮಂಡಿ ಸೇರಿಸಿ. ಮಲಗಿಸಿ ತೆಗೆದರೆ ಮೂಳೆಗಳ ನಡುವೆ ಗ್ಯಾಪ್ ಚೆನ್ನಾಗಿಯೇ ಕಾಣುತ್ತದೆ, ಮೈಭಾರ ಬಿದ್ದಾಗಲೇ ನಿಜ ಗೊತ್ತಾಗುವುದು. ಎಂಆರ್‌ಐಗೆ ಕೊಟ್ಟ ಹಣದ ಒಂದು ಚೂರಿನಲ್ಲಿ ಇದು ಮುಗಿಯುತ್ತದೆ. ಇದರಲ್ಲಿ ಸವೆತವನ್ನು 0ಯಿಂದ 4ರವರೆಗೆ ಅಳೆಯುತ್ತಾರೆ. 2 ಅಥವಾ ಹೆಚ್ಚು ಎಂದರೆ ಸವೆತ ಖಚಿತ, ಆಮೇಲೆ ಮೆನಿಸ್ಕಸ್ ಹುಡುಕಿಕೊಂಡು ಎಂಆರ್‌ಐಗೆ ಹೋಗುವ ಅಗತ್ಯ ಬಹುತೇಕರಿಗೆ ಇರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ತೊಡೆಯ ಮುಂಭಾಗದ ಸ್ನಾಯು ಮಂಡಿಯ ಮೇಲೆ ಬೀಳುವ ಹೊಡೆತವನ್ನು ಹೀರಿಕೊಳ್ಳುತ್ತದೆ. ನೋವಿಗೆ ಕಾಲು ಊರದೆ ಊರದೆ ಅದು ಸೊರಗುತ್ತದೆ, ಸೊರಗಿದಷ್ಟೂ ನೋವು ಹೆಚ್ಚುತ್ತದೆ. ಈ ಸುತ್ತನ್ನು ಮುರಿಯುವುದೇ ಚಿಕಿತ್ಸೆಯ ತಿರುಳು. ಶುರು ಮಾಡುವ ದಿನ ಒಂದು ಅಳತೆ ತೆಗೆದಿಡಿ. ಗೋಡೆಗೆ ಒತ್ತಿಟ್ಟ ಸಾಧಾರಣ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಕುಂದಿದೆ ಎಂದು ಲೆಕ್ಕ.

ಮೊದಲ ಎರಡು ವಾರ ಮಂಚದ ಮೇಲಿನ ಕೆಲಸ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು. ಆಮೇಲೆ ಇನ್ನೊಂದು ಕಾಲನ್ನು ಮಡಿಚಿಕೊಂಡು, ನೋಯುವ ಕಾಲನ್ನು ನೆಟ್ಟಗೆ ಒಂದು ಅಡಿ ಎತ್ತಿ ಐದು ಎಣಿಸಿ ಇಳಿಸುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು, ಇದು ಸೊಂಟದ ಪಕ್ಕದ ಸ್ನಾಯುವಿಗೆ. ಪ್ರತಿಯೊಂದೂ ಹತ್ತು ಸಲ, ನಡುವೆ ಒಂದು ನಿಮಿಷ ಬಿಟ್ಟು ಮೂರು ಸುತ್ತು, ಎರಡೂ ಕಾಲಿಗೆ. ಮೂರು ಸುತ್ತೂ ಸುಲಭವೆನಿಸಿದ ಮೇಲೆ ಪಾದದ ಗಂಟಿಗೆ ಅರ್ಧ ಕೆಜಿ ಮರಳಿನ ಚೀಲ ಕಟ್ಟಿ.

ಇಲ್ಲೇ ನಿಂತರೆ ಸಾಲದು. ಬಹಳ ಮನೆಗಳಲ್ಲಿ ವ್ಯಾಯಾಮ ಸೋಲುವುದು ಇಲ್ಲೇ, ತಿಂಗಳಾದರೂ ಮಲಗಿ ಕಾಲೆತ್ತುವುದೇ ನಡೆದಿರುತ್ತದೆ. ಮಂಡಿ ದುಡಿಯುವುದು ನಿಂತಾಗ, ಆದ್ದರಿಂದ ಮೂರನೇ ವಾರದಿಂದ ನಿಂತು ಮಾಡುವುದು ಬರಬೇಕು. ಕುರ್ಚಿಯ ಮೇಲೆ ಒಂದೆರಡು ದಿಂಬಿಟ್ಟು ಎತ್ತರ ಮಾಡಿ, ಕೈ ಊರದೆ ಎದ್ದು, ಮೂರು ಎಣಿಸುತ್ತಾ ಮೆಲ್ಲಗೆ ಕೂರುವುದು, ಎಂಟರಿಂದ ಹತ್ತು ಸಲ, ಎರಡು ಮೂರು ಸುತ್ತು. ಧಪ್ಪನೆ ಕೂತರೆ ಲಾಭವಿಲ್ಲ, ಸ್ನಾಯು ಬೆಳೆಯುವುದು ಇಳಿಯುವಾಗಿನ ಆ ತಡೆತದಲ್ಲಿ. ವಾರಕ್ಕೊಮ್ಮೆ ದಿಂಬು ಕಡಿಮೆ ಮಾಡಿ. ಅದು ಬಂದ ಮೇಲೆ ನಾಲ್ಕಿಂಚು ಎತ್ತರದ ಗಟ್ಟಿ ಮಣೆ ಹತ್ತಿ ಇಳಿಯುವುದು, ಪಕ್ಕದಲ್ಲಿ ಹಿಡಿಯಲು ಕಿಟಕಿಯ ಸರಳೋ ಅಡುಗೆ ಕಟ್ಟೆಯೋ ಇರಲಿ. ಈ ಬಲದ ವ್ಯಾಯಾಮ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಸಾಕು. ಉಳಿದ ದಿನ ಸಮತಟ್ಟಾದ ಕಡೆ ಹತ್ತು ನಿಮಿಷದ ನಡಿಗೆ, ಎರಡು ಹೊತ್ತು. ಶುಗರ್ ಮಾತ್ರೆ ನುಂಗುವವರು ಬರಿ ಹೊಟ್ಟೆಯಲ್ಲಿ ಮಾಡದೆ ತಿಂಡಿಯಾಗಿ ಗಂಟೆ ಕಳೆದ ಮೇಲೆ ಮಾಡಲಿ.

ನೋಯುತ್ತದೆಯಲ್ಲ ಎಂದು ಎರಡನೇ ವಾರಕ್ಕೇ ಬಿಡುವವರು ಹೆಚ್ಚು. ನೋವಿಗೆ ಹತ್ತರಲ್ಲಿ ಅಂಕ ಕೊಡಿಸಿ. ಮಾಡುವಾಗ ಐದರವರೆಗೆ ಹೋದರೆ ಪರವಾಗಿಲ್ಲ, ಮಾರನೆಯ ದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದಿರಬೇಕು. ಬಾರದಿದ್ದರೆ ಅಥವಾ ಮಂಡಿ ಬಾತುಕೊಂಡರೆ ಸುತ್ತು ಕಡಿಮೆ ಮಾಡಿ, ನಿಲ್ಲಿಸಬೇಡಿ. ಆ ನೋವು ಹಾನಿಯ ಗುರುತಲ್ಲ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು, ಹನ್ನೆರಡು ವಾರ ಮುಗಿಯದೆ ಫಲ ಇಲ್ಲ ಎಂದು ತೀರ್ಮಾನಿಸಬೇಡಿ. ಫಿಸಿಯೋಥೆರಪಿ ಎಂದರೆ ಶಾಖ ಕೊಡುವ, ಕರೆಂಟು ಹರಿಸುವ ಮೆಷಿನ್ ಎಂದೂ ತಿಳಿಯಬೇಡಿ. ಹೋದ ದಿನವೆಲ್ಲ ಬರೀ ಮೆಷಿನ್ ಹಚ್ಚಿ ಕಳಿಸುತ್ತಿದ್ದರೆ, ವ್ಯಾಯಾಮ ಕಲಿಸಿ, ಹಂತ ಏರಿಸುವ ಇನ್ನೊಬ್ಬರನ್ನು ಹುಡುಕಿ.

ತೂಕದ ಲೆಕ್ಕ ಸರಳ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿ ಇಳಿಯುತ್ತದೆ. 74ರಿಂದ 70ಕ್ಕೆ ಬಂದರೂ ವ್ಯತ್ಯಾಸ ತಿಳಿಯುತ್ತದೆ, 67ಕ್ಕೆ ಬಂದರೆ ಇನ್ನೂ ಚೆನ್ನಾಗಿ. ಅನ್ನ, ಮುದ್ದೆಯ ಅಳತೆ ತಗ್ಗಿಸಿ ಕಾಳು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚಿಸಿ. ಉಪವಾಸದಿಂದ ಇಳಿಸಿದರೆ ಕೊಬ್ಬಿನ ಜೊತೆ ತೊಡೆಯ ಸ್ನಾಯುವೂ ಹೋಗುತ್ತದೆ.

ಮನೆಯಲ್ಲಿ ನೆಲದ ಕೆಲಸ ಮೇಲೆ ಬರಲಿ. ಕಮೋಡು, ಸ್ನಾನಕ್ಕೆ ಎತ್ತರದ ಸ್ಟೂಲು, ಪೂಜೆಗೆ ಕುರ್ಚಿ. ಊರುಗೋಲು ಹಿಡಿಯಬೇಕಾದ್ದು ನೋಯುವ ಕಾಲಿನ ಎದುರು ಕೈಯಲ್ಲಿ, ನಿಮ್ಮ ತಾಯಿಯವರಿಗಾದರೆ ಎಡಗೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಔಷಧಿಯಲ್ಲಿ ಡೈಕ್ಲೋಫಿನಾಕ್ ಮುಲಾಮಿನಿಂದ ಶುರು ಮಾಡಿ. ಕಡಲೆಕಾಳಿನಷ್ಟು ಹಚ್ಚಿದರೆ ಏನೂ ಆಗುವುದಿಲ್ಲ. ಒಂದು ಮಂಡಿಗೆ ಒಂದು ಸಲಕ್ಕೆ ಸುಮಾರು 4 ಗ್ರಾಂ, ದಿನಕ್ಕೆ ಮೂರು ನಾಲ್ಕು ಸಲ. ಅದೇ ಔಷಧಿಯನ್ನು ಮಾತ್ರೆಯಾಗಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ. ಶುಗರ್, ಬಿಪಿ ಎರಡೂ ಇರುವವರ ಕಿಡ್ನಿಗೆ ಇದು ಪೆಟ್ಟು, ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಇನ್ನೂ ಕೆಟ್ಟದ್ದು. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟೇ ದಿನ ಕೊಡಿ. ಮಂಡಿ ಬಾತು ತುಂಬ ನೋಯುವಾಗ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಟ್ಟು ವ್ಯಾಯಾಮಕ್ಕೆ ದಾರಿ ಮಾಡುತ್ತದೆ. ಆದರೆ ನಾಲ್ಕೈದು ದಿನ ಶುಗರ್ ಏರಬಹುದು, ನೋಡಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಬಂದಿದೆ. ನೋವಿಗೆ ಲಾಭವಾಗಲಿಲ್ಲ, ಮೃದ್ವಸ್ಥಿ ಇನ್ನಷ್ಟು ತೆಳುವಾಯಿತು. ತಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್ನನ್ನು ಆಸ್ಟ್ರೇಲಿಯಾದಲ್ಲಿ 288 ಜನರಲ್ಲಿ ಉಪ್ಪುನೀರಿನ ಜೊತೆ ಹೋಲಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ವರ್ಷದ ಕೊನೆಗೆ ಎರಡೂ ಒಂದೇ. ಮಂಡಿ ಸವೆತಕ್ಕೆಂದು ಮಾರುವ ಗ್ಲುಕೋಸಮೈನ್ ಮಾತ್ರೆಯ ಹಣಕ್ಕೆ ಒಳ್ಳೆಯ ಚಪ್ಪಲಿ ತನ್ನಿ.

ಇಷ್ಟೆಲ್ಲ ಮೂರರಿಂದ ಆರು ತಿಂಗಳು ಮನಸ್ಸಿಟ್ಟು ಮಾಡಿದ ಮೇಲೂ ರಾತ್ರಿ ನಿದ್ದೆ ಕೆಡಿಸುವ ನೋವು, ಮನೆಯೊಳಗೇ ಓಡಾಡಲಾಗದ ಸ್ಥಿತಿ, ನಿಂತ ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿರುವುದು, ಇವು ಒಟ್ಟಿಗೆ ಇದ್ದರೆ ಮಂಡಿ ಬದಲಾವಣೆ ಒಳ್ಳೆಯ ಚಿಕಿತ್ಸೆ. ಅದಕ್ಕೆ ಹೆದರಿ ನಡುವೆ ಕೀಹೋಲ್ ಮಾಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕೃತಕ ಮಂಡಿಗಳಲ್ಲಿ ನೂರಕ್ಕೆ 80ರಷ್ಟು 25 ವರ್ಷ ಬಾಳುತ್ತವೆ, 67ರ ವಯಸ್ಸಿಗೆ ಇದು ಬಹುಮಟ್ಟಿಗೆ ಜೀವಮಾನದ ಮಾತು. ಆದರೂ ಮಾಡಿಸಿಕೊಂಡವರಲ್ಲಿ ಐದಾರು ಜನಕ್ಕೊಬ್ಬರು ಪೂರ್ತಿ ಸಮಾಧಾನ ಹೊಂದುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂರುವುದು ಬಹುತೇಕರಿಗೆ ಮತ್ತೆ ಬರುವುದಿಲ್ಲ. ಸವೆತ ಒಳಮಗ್ಗುಲಿಗೆ ಮಾತ್ರ ಇದ್ದರೆ ಅರ್ಧ ಮಂಡಿ ಬದಲಾವಣೆಯ ಬಗ್ಗೆಯೂ ಕೇಳಿ. ‘ಕೀಹೋಲ್ ಮಂಡಿ ಬದಲಾವಣೆ’ ಎಂಬ ಜಾಹೀರಾತು ಕಂಡರೆ ನಂಬಬೇಡಿ. ಲೋಹದ ಕೀಲನ್ನು ಒಂದು ಸೆಂಟಿಮೀಟರ್ ತೂತಿನಿಂದ ಒಳಗೆ ಕೂರಿಸಲಾಗದು, ಗಾಯ ಚಿಕ್ಕದೆಂದರೂ ಹತ್ತು ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಖರ್ಚು ಕೇಳುವಾಗ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆದು ಕೊಡಿ ಎನ್ನಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಕೀಲುಗಳಿಗೆ ಬೆಲೆಯ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಇನ್ನೊಂದು ಮಾತು, ಮಂಡಿಗೆ ಯಾವ ಇಂಜೆಕ್ಷನ್ ಹಾಕಿಸಿದರೂ ಬದಲಾವಣೆಗೆ ಕನಿಷ್ಠ ಮೂರು ತಿಂಗಳು ಅಂತರ ಇರಲಿ, ಇಲ್ಲದಿದ್ದರೆ ಕೀವಾಗುವ ಅಪಾಯ ಹೆಚ್ಚು.

ಆಪರೇಷನ್ ಸೂಚಿಸಿದ ವೈದ್ಯರ ಹತ್ತಿರ ಜಗಳವಾಡಬೇಕಿಲ್ಲ. ನಿಂತು ತೆಗೆಸಿದ ಎಕ್ಸ್‌ರೇ ಕೈಯಲ್ಲಿ ಹಿಡಿದು ಹೋಗಿ, ಸವೆತ ಎಷ್ಟನೇ ಹಂತದ್ದು, ಮಂಡಿ ನಿಜವಾಗಿ ಸಿಕ್ಕಿಬೀಳುತ್ತಿದೆಯೇ, ಮೂರು ತಿಂಗಳ ವ್ಯಾಯಾಮಕ್ಕಿಂತ ಈ ಆಪರೇಷನ್ ಯಾವುದರಲ್ಲಿ ಮೇಲು ಎಂದು ಕೇಳಿ. ಸಿಕ್ಕಿಬೀಳುತ್ತಿಲ್ಲ ಎಂದಾದರೆ ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಕಾಯಬಾರದ ಸಂದರ್ಭ ಒಂದಿದೆ. ಮಂಡಿ ಒಂದೆರಡು ದಿನದಲ್ಲಿ ಕೆಂಪಾಗಿ, ಮುಟ್ಟಿದರೆ ಸುಡುವಷ್ಟು ಬಿಸಿಯಾಗಿ ಬಾತು, ಜ್ವರವೋ ಚಳಿಯೋ ಬಂದು, ತುಸು ಅಲುಗಿಸಿದರೂ ಅಮ್ಮ ಚೀರಿದರೆ, ಅದು ಸವೆತವಲ್ಲ, ಕೀಲಿನೊಳಗೆ ಕೀವು ಆಗಿರಬಹುದು. ಶುಗರ್ ಇರುವವರಲ್ಲಿ, ಅದರಲ್ಲೂ ಇತ್ತೀಚೆಗೆ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ಇದು ಆಗುವುದುಂಟು, ಕೆಲವರಿಗೆ ಜ್ವರವೇ ಇರುವುದಿಲ್ಲ. ಎಣ್ಣೆ ನೀವುವುದು, ಶಾಖ ಕೊಡುವುದು ಮಾಡದೆ ಆ ರಾತ್ರಿಯೇ ಮೂಳೆ ತಜ್ಞರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೀಲಿನ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿ, ಕೀವು ಖಚಿತವಾದರೆ ಇದೇ ಎರಡು ತೂತು ಮಾಡಿ, ಇದೇ ಕ್ಯಾಮೆರಾ ಇಳಿಸಿ ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆಯುತ್ತಾರೆ. ಆ ದಿನ ಆ ಆಪರೇಷನ್ನಿಗೆ ಎರಡನೇ ಅಭಿಪ್ರಾಯ ಕೇಳುತ್ತಾ ಕೂರದೆ ಸಹಿ ಹಾಕಿ.